ಸಮೀಕ್ಷೆಯಲ್ಲಿ ಎಲ್ಲರೂ ಪರಿಸರವಾದಿಗಳು, ಕಸದ ಡಬ್ಬಿಯ ಮುಂದೆ ಒಬ್ಬರೂ ಇಲ್ಲ. ಏಕೆ ಹೀಗೆ?

ಮೂರನೆಯ ಮಹಡಿ

ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘ ಮನೆಮನೆಗೆ ಒಂದು ಪ್ರಶ್ನಾವಳಿ ಹಂಚಿತ್ತು. ಕಸ ಬೇರ್ಪಡಿಸುವುದು, ನೀರು ಮತ್ತು ವಿದ್ಯುತ್ ಉಳಿಸುವುದು, ಇಂಥವೇ ಪ್ರಶ್ನೆಗಳು. ತುಂಬಿ ಬಂದ ಹಾಳೆಗಳನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬ ಕಡೆಯೇ ಸಾಲುಸಾಲು ಗುರುತುಗಳು. ಒಬ್ಬರಂತೂ ಗುರುತು ಹಾಕಿದ್ದು ಸಾಲದೆ ಅಂಚಿನಲ್ಲಿ ‘ಇದು ನಮ್ಮೆಲ್ಲರ ಕರ್ತವ್ಯ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಎಣಿಕೆ ಮುಗಿಸಿ ಕೆಳಗಿಳಿದು ನೋಡಿದರೆ, ಹಸಿ ಕಸದ ಡಬ್ಬಿಯಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲಗಳು, ಕೆಟ್ಟುಹೋದ ಚಾರ್ಜರ್, ಒಂಟಿ ಚಪ್ಪಲಿ. ಒಣ ಕಸದ ಡಬ್ಬಿ ಅರ್ಧ ಖಾಲಿ.

ಈಗ ಕಾರ್ಯದರ್ಶಿಯವರು, ಅರಿವು ಮೂಡಿಸುವ ಉಪನ್ಯಾಸ ಒಂದನ್ನು ಏರ್ಪಡಿಸಿ, ಆಮೇಲೆ ಇನ್ನೊಂದು ಸಮೀಕ್ಷೆ ಮಾಡೋಣ ಎನ್ನುತ್ತಿದ್ದಾರೆ. ನನಗೆ ಎರಡರ ಮೇಲೂ ನಂಬಿಕೆ ಇಲ್ಲ. ಮನಶ್ಶಾಸ್ತ್ರ ಓದಿದವರು ಇಲ್ಲಿದ್ದೀರಲ್ಲ, ಹೇಳಿ: ಜನರ ಅಭಿಪ್ರಾಯ ಕೇಳಿ ಅವರ ವರ್ತನೆಯನ್ನು ಊಹಿಸಲು ಸಾಧ್ಯವೇ? ಇಲ್ಲವಾದರೆ ಇಷ್ಟೆಲ್ಲ ಪ್ರಶ್ನಾವಳಿಗಳು ಏಕೆ?

ಒಂದೇ ಮಾತು

ಜನ ಸುಳ್ಳು ಹೇಳುತ್ತಾರೆ. ಚರ್ಚೆ ಮುಗಿಯಿತು.

ಹೊಂಗೆಯ ನೆರಳು

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಇದಕ್ಕೆ ಸಂಶೋಧನೆ ಬೇರೆ ಬೇಕೇ?

ನಿವೃತ್ತ ಮೇಷ್ಟರು

ಬೇಕು. ಗಾದೆ ರೋಗದ ಹೆಸರು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಈ ಪ್ರಶ್ನೆಗೆ ತೊಂಬತ್ತು ವರ್ಷದ ಇತಿಹಾಸವಿದೆ. ರಿಚರ್ಡ್ ಲಾಪಿಯರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ದೇಶವೆಲ್ಲ ಸುತ್ತಿದ. ಆಗ ಅಲ್ಲಿ ಚೀನೀಯರ ಬಗ್ಗೆ ದ್ವೇಷ ವಿಪರೀತವಾಗಿತ್ತು. ಹೋಟೆಲು, ವಸತಿಗೃಹ ಎಲ್ಲ ಸೇರಿ 251 ಕಡೆ ಹೋದರು. ಬಾಗಿಲು ಮುಚ್ಚಿದ್ದು ಒಂದೇ ಒಂದು ಕಡೆ. ತಿಂಗಳುಗಳ ನಂತರ ಲಾಪಿಯರ್ ಅದೇ ಸ್ಥಳಗಳಿಗೆ ಪತ್ರ ಬರೆದು, ‘ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುತ್ತೀರಾ’ ಎಂದು ಕೇಳಿದ. ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ‘ಇಲ್ಲ’ ಎಂದರು. ಈ ಪ್ರಬಂಧ ಪ್ರಕಟವಾದದ್ದು 1934ರಲ್ಲಿ.

ಗಮನಿಸಿ, ಇಲ್ಲಿ ಮಾತು ಕೆಟ್ಟದಾಗಿದೆ, ನಡತೆ ಒಳ್ಳೆಯದಾಗಿದೆ. ಮೂರನೆಯ ಮಹಡಿಯವರ ಕಟ್ಟಡದಲ್ಲಿ ಮಾತು ಒಳ್ಳೆಯದು, ನಡತೆ ಕೆಟ್ಟದ್ದು. ಎರಡೂ ಕಡೆ ಅಂತರ ಮಾತ್ರ ಒಂದೇ. ಆದ್ದರಿಂದ ‘ಜನ ಒಳ್ಳೆಯವರೆಂದು ತೋರಿಸಿಕೊಳ್ಳಲು ಸುಳ್ಳು ಹೇಳುತ್ತಾರೆ’ ಎಂಬ ವಿವರಣೆ ಸಾಲದು.

1969ರಲ್ಲಿ ಅಲನ್ ವಿಕರ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಮನೋಭಾವಕ್ಕೂ ವರ್ತನೆಗೂ ಇರುವ ಸಹಸಂಬಂಧ (ಎರಡು ಸಂಗತಿಗಳು ಎಷ್ಟು ಜೊತೆಜೊತೆಗೆ ಸಾಗುತ್ತವೆ ಎಂಬ ಅಳತೆ; 0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು) 0.30 ದಾಟುವುದೇ ಅಪರೂಪ ಎಂದು ಬರೆದ. ನಾವು ವಿದ್ಯಾರ್ಥಿಗಳಾಗಿದ್ದಾಗ ಈ ಸಾಲನ್ನು ಒಂದು ಬಗೆಯ ಶೋಕಗೀತೆಯಂತೆಯೇ ಕಲಿಸುತ್ತಿದ್ದರು.

ಸಂಶಯಾತ್ಮ

ಮೇಷ್ಟರೇ, ಲಾಪಿಯರ್ ಪ್ರಸಂಗವನ್ನು ಪಠ್ಯಪುಸ್ತಕಗಳು ಬಹಳ ಸಲೀಸಾಗಿ ಹೇಳಿಬಿಡುತ್ತವೆ. ಪತ್ರಕ್ಕೆ ಉತ್ತರ ಬರೆದವರು ಯಾರು? ಬಹುಶಃ ಮಾಲೀಕ ಅಥವಾ ವ್ಯವಸ್ಥಾಪಕ. ಅಂದು ಕೌಂಟರಿನಲ್ಲಿ ಕೀಲಿಕೈ ಕೊಟ್ಟವನು ಯಾರೋ ಬೇರೆ ಗುಮಾಸ್ತನಿರಬಹುದು. ಇಬ್ಬರು ಬೇರೆಬೇರೆ ವ್ಯಕ್ತಿಗಳ ಮಾತನ್ನೂ ನಡತೆಯನ್ನೂ ಹೋಲಿಸಿ ‘ಅಂತರ’ ಎನ್ನುವುದು ಹೇಗೆ?

ಇನ್ನೊಂದು. ಆ ದಂಪತಿ ಒಳ್ಳೆಯ ಬಟ್ಟೆ ತೊಟ್ಟು, ಶುದ್ಧ ಇಂಗ್ಲಿಷಿನಲ್ಲಿ ನಗುನಗುತ್ತಾ ಮಾತನಾಡುವವರು. ಬಟ್ಟೆ, ಸಾಮಾನು ಸರಂಜಾಮು, ಮುಖದ ನಗು ಇವೆಲ್ಲ ಜನಾಂಗಕ್ಕಿಂತ ಹೆಚ್ಚು ಕೆಲಸ ಮಾಡಿದವು ಎಂದು ಲಾಪಿಯರ್ ತಾನೇ ಬರೆದಿದ್ದಾನೆ. ಪತ್ರದಲ್ಲಿ ಇದ್ದದ್ದು ‘ಚೀನೀಯರು’ ಎಂಬ ಬರಿಯ ಪದ. ಬಾಗಿಲಲ್ಲಿ ನಿಂತಿದ್ದವರು ಇಬ್ಬರು ಸಭ್ಯ ಮನುಷ್ಯರು.

ನಿವೃತ್ತ ಮೇಷ್ಟರು

ಸರಿಯಾಗಿ ಹಿಡಿದಿರಿ. ಮುಂದಿನ ತಲೆಮಾರು ಹೊರಟದ್ದೇ ಅಲ್ಲಿಂದ. ಮಾರ್ಟಿನ್ ಫಿಶ್‌ಬೈನ್ ಮತ್ತು ಐಸೆಕ್ ಐಜೆನ್ ಕೇಳಿದ್ದು ಇಷ್ಟೆ: ನೀವು ಮನೋಭಾವವನ್ನು ಯಾವ ಮಟ್ಟದಲ್ಲಿ ಅಳೆದಿರಿ, ವರ್ತನೆಯನ್ನು ಯಾವ ಮಟ್ಟದಲ್ಲಿ ನೋಡಿದಿರಿ? ಒಂದನ್ನು ಆಕಾಶದಲ್ಲಿ ಅಳೆದು ಇನ್ನೊಂದನ್ನು ನೆಲದಲ್ಲಿ ನೋಡಿದರೆ ಎರಡೂ ಕೂಡುವುದಿಲ್ಲ.

1979ರಲ್ಲಿ ಡೇವಿಡ್‌ಸನ್ ಮತ್ತು ಜಕಾರ್ಡ್ ಇದನ್ನು ಚೆನ್ನಾಗಿ ತೋರಿಸಿದರು. ಮಹಿಳೆಯರು ಗರ್ಭನಿರೋಧಕ ಮಾತ್ರೆ ಬಳಸುತ್ತಾರೋ ಇಲ್ಲವೋ ಎಂಬುದನ್ನು ಎರಡು ವರ್ಷ ಗಮನಿಸಿದರು. ‘ಸಂತಾನ ನಿಯಂತ್ರಣದ ಬಗ್ಗೆ ನಿಮ್ಮ ಅಭಿಪ್ರಾಯ’ ಎಂದು ಕೇಳಿದಾಗ ಸಹಸಂಬಂಧ 0.08, ಅಂದರೆ ಇಲ್ಲವೆಂದೇ ಲೆಕ್ಕ. ‘ಮುಂದಿನ ಎರಡು ವರ್ಷಗಳಲ್ಲಿ ನೀವು ಮಾತ್ರೆ ಬಳಸುವ ಬಗ್ಗೆ ನಿಮ್ಮ ಅಭಿಪ್ರಾಯ’ ಎಂದು ಕೇಳಿದಾಗ 0.57.

ಮೂರನೆಯ ಮಹಡಿಯವರೇ, ನಿಮ್ಮ ಪ್ರಶ್ನಾವಳಿಯ ವಾಕ್ಯ ಏನಿತ್ತು? ಇದ್ದಂತೆಯೇ ಹಾಕಿ.

ಮೂರನೆಯ ಮಹಡಿ

‘ಪರಿಸರ ಸಂರಕ್ಷಣೆ ಪ್ರತಿಯೊಬ್ಬ ನಾಗರಿಕನ ಹೊಣೆ ಎಂದು ನಾನು ನಂಬುತ್ತೇನೆ.’

ಕೆಂಪು ಪೆನ್ನು

ಇದಕ್ಕೆ ‘ಒಪ್ಪುವುದಿಲ್ಲ’ ಎನ್ನಲು ಎದೆಗಾರಿಕೆ ಬೇಕು!

ಗಣಿತಜ್ವರ

‘ಒಂದೇ ಮಾತು’ ಅವರ ‘ಜನ ಸುಳ್ಳು ಹೇಳುತ್ತಾರೆ’ ಎಂಬುದಕ್ಕೆ ಒಂದು ಸಂಖ್ಯೆ. ಪರಿಸರಸ್ನೇಹಿ ವರ್ತನೆಯ ಬಗ್ಗೆ ಜನರು ತಾವೇ ಕೊಟ್ಟ ವರದಿಯನ್ನು, ನಿಜವಾಗಿ ಅಳೆದ ವರ್ತನೆಯೊಂದಿಗೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಕಾರ್ಮೋಸ್ ಮತ್ತು ಗಿಫರ್ಡ್ 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ಸಹಸಂಬಂಧ ಸುಮಾರು 0.46. ವರ್ಗ ಮಾಡಿದರೆ 0.21. ಅಂದರೆ ಬಾಯಿಮಾತಿನ ವರದಿ ನಿಜವಾದ ವರ್ತನೆಯ ಏರಿಳಿತದ ಐದನೇ ಒಂದು ಭಾಗವನ್ನಷ್ಟೇ ವಿವರಿಸುತ್ತದೆ. ಪೂರ್ತಿ ಸುಳ್ಳೂ ಅಲ್ಲ, ನಂಬಿ ಕೂರುವಂಥದ್ದೂ ಅಲ್ಲ.

ಇಷ್ಟನ್ನೂ ಸುಳ್ಳಿನ ಲೆಕ್ಕಕ್ಕೆ ಸೇರಿಸಬೇಡಿ. ಕಳೆದ ವಾರ ಎಷ್ಟು ಸಲ ಖಾಲಿ ಕೋಣೆಯ ಫ್ಯಾನ್ ಆರಿಸದೆ ಬಂದೆ ಎಂದು ಯಾರಿಗೆ ನೆನಪಿರುತ್ತದೆ? ನೆನಪಿಲ್ಲದ್ದನ್ನು ನಾವು ನಮ್ಮ ಬಗ್ಗೆ ನಮಗಿರುವ ಕಲ್ಪನೆಯಿಂದ ತುಂಬಿಸುತ್ತೇವೆ.

ಒಂದೇ ಮಾತು

ಕಲ್ಪನೆಯಿಂದ ತುಂಬಿಸುವುದಕ್ಕೇ ನಾನು ಸುಳ್ಳು ಎನ್ನುವುದು.

ಕಡತದ ಗುಮಾಸ್ತೆ

ನೀವೆಲ್ಲ ಮನಸ್ಸಿನೊಳಗೆ ಹುಡುಕುತ್ತಿದ್ದೀರಿ. ನಾನು ಕಚೇರಿಯಲ್ಲಿ ಕಂಡದ್ದು ಹೇಳುತ್ತೇನೆ. ‘ಕಾಗದ ಉಳಿಸಿ, ಮರ ಉಳಿಸಿ’ ಎಂಬ ಫಲಕ ಪ್ರಿಂಟರಿನ ಮೇಲೆ ವರ್ಷಗಟ್ಟಲೆ ಇತ್ತು. ಕೊನೆಗೆ ಅದರ ಅಂಟು ಸಹ ಒಣಗಿ ಮೂಲೆ ಸುರುಳಿಯಾಯಿತು. ಯಾರೂ ಕಾಗದ ಉಳಿಸಲಿಲ್ಲ. ಒಂದು ದಿನ ಕಂಪ್ಯೂಟರ್ ವಿಭಾಗದ ಹುಡುಗ ಬಂದು, ಎರಡೂ ಬದಿಯ ಮುದ್ರಣವನ್ನೇ ಮೊದಲ ಆಯ್ಕೆಯಾಗಿ ಹೊಂದಿಸಿ ಹೋದ. ಒಂದೇ ಬದಿ ಬೇಕಾದವರು ಎರಡು ಕ್ಲಿಕ್ ಹೆಚ್ಚು ಮಾಡಬೇಕು. ಅಷ್ಟೇ. ಕಾಗದದ ಕಟ್ಟುಗಳು ಕಪಾಟಿನಲ್ಲಿ ಉಳಿಯತೊಡಗಿದವು. ಯಾರ ಮನೋಭಾವವೂ ಬದಲಾಗಲಿಲ್ಲ. ಹೆಚ್ಚಿನವರಿಗೆ ಬದಲಾವಣೆ ಗೊತ್ತೇ ಆಗಲಿಲ್ಲ.

ಗಣಿತಜ್ವರ

ಇದೇ ಬಗೆಯ ದೊಡ್ಡ ಪ್ರಯೋಗ ಜರ್ಮನಿಯಲ್ಲಿ ನಡೆದಿದೆ. ಎಬೆಲಿಂಗ್ ಮತ್ತು ಲಾಟ್ಜ್, 2015. ವಿದ್ಯುತ್ ಒಪ್ಪಂದ ಮಾಡಿಕೊಳ್ಳುವ ಜಾಲತಾಣದಲ್ಲಿ ನವೀಕರಿಸಬಹುದಾದ ಮೂಲದ ವಿದ್ಯುತ್ತು ಬೇಕಿದ್ದರೆ ಗುರುತು ಹಾಕಿ ಎಂದಾಗ ಆರಿಸಿಕೊಂಡವರು ಸುಮಾರು ಶೇ. 7. ಮೊದಲೇ ಗುರುತು ಹಾಕಿಟ್ಟು, ಬೇಡವಾದರೆ ತೆಗೆಯಿರಿ ಎಂದಾಗ ಸುಮಾರು ಶೇ. 69. ಅದೂ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು.

ಕೆಂಪು ಪೆನ್ನು

ಅಂದರೆ ಜನರಿಗೆ ಗೊತ್ತಾಗದಂತೆ ಅವರ ಜೇಬಿಗೆ ಕೈ ಹಾಕುವುದು ಪರಿಸರ ಮನಶ್ಶಾಸ್ತ್ರವೇ?

ಕಡತದ ಗುಮಾಸ್ತೆ

ಗುರುತು ತೆಗೆಯುವ ಸ್ವಾತಂತ್ರ್ಯ ಇತ್ತಲ್ಲ. ಮೊದಲು ಗುರುತು ಇಲ್ಲದೆ ಇದ್ದಾಗ ಯಾರೂ ‘ಜೇಬು’ ಎನ್ನಲಿಲ್ಲ.

ನೀಲಿ ಕೊಡೆ

ಆಯ್ಕೆಯನ್ನು ಹೇಗೆ ಮುಂದಿಡುತ್ತೇವೆ ಎಂಬುದು ಮುಖ್ಯ, ಒಪ್ಪುತ್ತೇನೆ. ಆದರೆ ನೆರೆಯವರು ಏನು ಮಾಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಗೋಲ್ಡ್‌ಸ್ಟೀನ್, ಚಿಯಾಲ್ಡೀನಿ ಮತ್ತು ಗ್ರಿಸ್ಕೆವಿಷಸ್ ಅವರ 2008ರ ಹೋಟೆಲ್ ಪ್ರಯೋಗ ಪ್ರಸಿದ್ಧ. ಸ್ನಾನದ ಕೋಣೆಯಲ್ಲಿ ‘ಪರಿಸರ ಉಳಿಸಿ, ಟವೆಲನ್ನು ಮತ್ತೆ ಬಳಸಿ’ ಎಂಬ ಚೀಟಿ ಇದ್ದಾಗ ಸುಮಾರು ಶೇ. 35 ಅತಿಥಿಗಳು ಹಾಗೆ ಮಾಡಿದರು. ‘ನಿಮ್ಮಂತಹ ಬಹುತೇಕ ಅತಿಥಿಗಳು ಮತ್ತೆ ಬಳಸುತ್ತಾರೆ’ ಎಂದು ಬರೆದಾಗ ಶೇ. 44. ‘ಇದೇ ಕೋಣೆಯಲ್ಲಿ ತಂಗಿದ್ದವರು’ ಎಂದು ಬರೆದ ಇನ್ನೊಂದು ಸುತ್ತಿನಲ್ಲಿ ಶೇ. 49ರಷ್ಟು. ಆ ಕೋಣೆಯಲ್ಲಿ ಹಿಂದೆ ಯಾರು ಮಲಗಿದ್ದರೋ, ನಮಗೇನು ಸಂಬಂಧ? ಆದರೂ ಕೆಲಸ ಮಾಡುತ್ತದೆ.

ಹೊಂಗೆಯ ನೆರಳು

ನಾನಂತೂ ನೆರೆಯವರನ್ನು ನೋಡಿ ಏನನ್ನೂ ಮಾಡುವವನಲ್ಲ. ಸರಿ ಎನಿಸಿದ್ದನ್ನು ಮಾಡುತ್ತೇನೆ.

ನೀಲಿ ಕೊಡೆ

ಎಲ್ಲರೂ ಹಾಗೆಯೇ ಹೇಳುತ್ತಾರೆ, ಅದಕ್ಕೂ ಅಧ್ಯಯನವಿದೆ! ಜೆಸಿಕಾ ನೋಲನ್ ಮತ್ತು ಸಂಗಡಿಗರು 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೇಳಿದರು: ವಿದ್ಯುತ್ ಏಕೆ ಉಳಿಸುತ್ತೀರಿ? ಪರಿಸರಕ್ಕಾಗಿ, ಸಮಾಜಕ್ಕಾಗಿ, ದುಡ್ಡು ಉಳಿಸಲು ಎಂದೆಲ್ಲ ಹೇಳಿ, ‘ನೆರೆಯವರು ಮಾಡುತ್ತಾರೆಂದು’ ಎಂಬ ಕಾರಣಕ್ಕೆ ಕಟ್ಟಕಡೆಯ ಸ್ಥಾನ ಕೊಟ್ಟರು. ಆದರೆ ಅವರ ಉಳಿತಾಯದ ಜೊತೆ ಅತ್ಯಂತ ಗಟ್ಟಿಯಾಗಿ ಹೊಂದಿಕೊಂಡದ್ದು, ನೆರೆಯವರು ಎಷ್ಟು ಉಳಿಸುತ್ತಾರೆ ಎಂಬ ಅವರ ಅಂದಾಜೇ. ನಮ್ಮ ವರ್ತನೆಗೆ ಕಾರಣ ಏನು ಎಂದು ನಮ್ಮನ್ನೇ ಕೇಳಿದರೆ ಸಿಗುವುದು ಕಾರಣವಲ್ಲ, ಭಾಷಣ.

ಹೊಂಗೆಯ ನೆರಳು

ನನ್ನ ಮೇಲೆ ಕ್ಯಾಲಿಫೋರ್ನಿಯಾದವರನ್ನು ಬಿಟ್ಟಿರಾ? ಆಗಲಿ.

ಮೂರನೆಯ ಮಹಡಿ

ನೀಲಿ ಕೊಡೆಯವರ ಮಾತು ಓದಿ ಎದೆ ಧಸಕ್ಕೆಂದಿತು. ನಮ್ಮ ಲಿಫ್ಟಿನ ಬಾಗಿಲಿಗೆ ಕಾರ್ಯದರ್ಶಿಯವರು ಅಂಟಿಸಿರುವ ಸೂಚನೆ, ಕೆಂಪು ಶಾಯಿಯಲ್ಲಿ, ಅಕ್ಷರಶಃ ಹೀಗಿದೆ: ‘ಪದೇ ಪದೇ ಹೇಳಿದರೂ ಬಹುತೇಕ ನಿವಾಸಿಗಳು ಕಸ ಬೇರ್ಪಡಿಸುತ್ತಿಲ್ಲ. ಇದು ನಾಚಿಕೆಗೇಡು.’

ನೀಲಿ ಕೊಡೆ

ಅಯ್ಯೋ. ಕೂಡಲೇ ಕಿತ್ತುಹಾಕಿಸಿ.

ಅಮೆರಿಕದ ಅರಿಜೋನಾದಲ್ಲಿ ‘ಪೆಟ್ರಿಫೈಡ್ ಫಾರೆಸ್ಟ್’ ಎಂಬ ರಾಷ್ಟ್ರೀಯ ಉದ್ಯಾನವಿದೆ. ಕೋಟ್ಯಂತರ ವರ್ಷಗಳಲ್ಲಿ ಕಲ್ಲಾದ ಮರದ ತುಂಡುಗಳು ಅಲ್ಲಿ ಹರಡಿಕೊಂಡಿವೆ, ಪ್ರವಾಸಿಗರು ಎತ್ತಿಕೊಂಡು ಹೋಗುತ್ತಾರೆ. ಚಿಯಾಲ್ಡೀನಿಯ ತಂಡ ಎರಡು ಬಗೆಯ ಫಲಕ ಹಾಕಿ ನೋಡಿತು. ಒಂದರಲ್ಲಿ, ಹಿಂದಿನ ಅನೇಕ ಪ್ರವಾಸಿಗರು ತುಂಡುಗಳನ್ನು ಒಯ್ದು ಉದ್ಯಾನದ ಸ್ಥಿತಿಯನ್ನೇ ಬದಲಿಸಿದ್ದಾರೆ ಎಂಬ ಮರುಕ. ಇನ್ನೊಂದರಲ್ಲಿ, ದಯವಿಟ್ಟು ಒಯ್ಯಬೇಡಿ ಎಂಬ ನೇರ ಮನವಿ. ದಾರಿಯಲ್ಲಿ ಗುರುತು ಮಾಡಿ ಇಟ್ಟ ತುಂಡುಗಳಲ್ಲಿ ಮೊದಲ ಫಲಕದ ಕಡೆ ಸುಮಾರು ಶೇ. 8 ಮಾಯವಾದವು, ಎರಡನೆಯ ಕಡೆ ಶೇ. 2ಕ್ಕಿಂತ ಕಡಿಮೆ. ‘ಎಲ್ಲರೂ ಕದಿಯುತ್ತಿದ್ದಾರೆ’ ಎಂದು ಗೋಳಾಡುವುದು ‘ನೀನೊಬ್ಬ ಏಕೆ ಸುಮ್ಮನಿದ್ದೀಯೆ’ ಎಂದು ಕೇಳಿದಂತಾಯಿತು. ನಿಮ್ಮ ಕಾರ್ಯದರ್ಶಿ ಕೆಂಪು ಶಾಯಿಯಲ್ಲಿ ಬರೆಸಿರುವುದೂ ಅದನ್ನೇ.

ಸಂಶಯಾತ್ಮ

ಸ್ವಲ್ಪ ತಡೆಯಿರಿ. ಟವೆಲ್ ಪ್ರಯೋಗವನ್ನು ಬೋನರ್ ಮತ್ತು ಶ್ಲ್ಯೂಟರ್ ಜರ್ಮನಿಯ ಹೋಟೆಲುಗಳಲ್ಲಿ ಮತ್ತೆ ಮಾಡಿ 2014ರಲ್ಲಿ ಪ್ರಕಟಿಸಿದರು. ‘ಬಹುತೇಕ ಅತಿಥಿಗಳು’ ಎಂಬ ಚೀಟಿಗೆ ಅಲ್ಲಿ ಯಾವ ಮೇಲುಗೈಯೂ ಸಿಗಲಿಲ್ಲ. ಹೇಗಿದ್ದರೂ ಹೆಚ್ಚಿನವರು ಟವೆಲ್ ಮತ್ತೆ ಬಳಸುತ್ತಿದ್ದರು.

ಇದು ಒಂಟಿ ಪ್ರಕರಣವಲ್ಲ. 2015ರಲ್ಲಿ ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮರುಪರೀಕ್ಷೆ ಮಾಡಿದಾಗ, ಮೂಲದಲ್ಲಿ ಶೇ. 97 ‘ಸಾರ್ಥಕ ಫಲಿತಾಂಶ’ (ಬರಿಯ ಆಕಸ್ಮಿಕ ಎಂದು ಸುಲಭವಾಗಿ ತಳ್ಳಿಹಾಕಲಾಗದ್ದು) ತೋರಿಸಿದ್ದವು, ಮರುಪರೀಕ್ಷೆಯಲ್ಲಿ ಶೇ. 36 ಮಾತ್ರ. ನಡ್ಜ್ ಎಂಬ, ಬಲವಂತವಿಲ್ಲದೆ ಜನರನ್ನು ಒಂದು ಆಯ್ಕೆಯ ಕಡೆಗೆ ಸರಿಸುವ ಈ ಸಣ್ಣ ತಳ್ಳುಗಳ ಬಗ್ಗೆ ಡೆಲ್ಲಾವಿನ್ಯಾ ಮತ್ತು ಲಿನೋಸ್ 2022ರಲ್ಲಿ ಲೆಕ್ಕ ಹಾಕಿದರು. ಪತ್ರಿಕೆಗಳಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಸರಾಸರಿ ಪರಿಣಾಮ 8.7 ಶೇಕಡಾ ಅಂಶ. ಸರ್ಕಾರಗಳಿಗಾಗಿ ಇಂಥ ಪ್ರಯೋಗ ನಡೆಸುವ ಅಮೆರಿಕದ ಎರಡು ನಡ್ಜ್ ಘಟಕಗಳು ಮಾಡಿದ ಎಲ್ಲ ಪ್ರಯೋಗಗಳನ್ನೂ, ಸೋತವನ್ನೂ ಸೇರಿಸಿದಾಗ, 1.4. ಗೆದ್ದ ಪ್ರಯೋಗ ಪತ್ರಿಕೆಗೆ ಹೋಗುತ್ತದೆ, ಸೋತದ್ದು ಮೇಜಿನ ಖಾನೆಗೆ.

ಹಾಗಾಗಿ ಸೂಚನೆ ಬದಲಿಸಿ, ಬೇಡ ಎನ್ನುವುದಿಲ್ಲ. ಪವಾಡ ಮಾತ್ರ ನಿರೀಕ್ಷಿಸಬೇಡಿ.

ನೀಲಿ ಕೊಡೆ

1.4 ಎಂದರೆ ಸೊನ್ನೆಯಲ್ಲ. ಒಂದು ಕಾಗದ ಬದಲಿಸುವ ಖರ್ಚಿಗೆ ಅಷ್ಟು ಸಿಕ್ಕರೂ ಸಾಕು. ಮನೆಗಳಿಗೆ ನೆರೆಯವರ ವಿದ್ಯುತ್ ಬಳಕೆಯ ಹೋಲಿಕೆ ಕಳುಹಿಸುತ್ತಿದ್ದ ಓಪವರ್ ಎಂಬ ಅಮೆರಿಕದ ಕಂಪನಿಯ ವರದಿಗಳನ್ನು ಹಂಟ್ ಆಲ್ಕಾಟ್ 2011ರಲ್ಲಿ ಸುಮಾರು 6 ಲಕ್ಷ ಮನೆಗಳ ಮೇಲೆ ಅಳೆದ. ಇಳಿಕೆ ಸರಾಸರಿ ಶೇ. 2. ಚಿಕ್ಕದು, ಆದರೆ ಹುಸಿಯಲ್ಲ.

ಗಣಿತಜ್ವರ

ಹೋಲಿಕೆ ಕಳುಹಿಸುವಾಗ ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನ ಸುಮಾರು 290 ಮನೆಗಳಲ್ಲಿ ಶುಲ್ಟ್ಜ್ ತಂಡ ಇದನ್ನು ಮಾಡಿದಾಗ (2007), ಸರಾಸರಿಗಿಂತ ಹೆಚ್ಚು ಬಳಸುತ್ತಿದ್ದವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಏರಿಸಿದರು! ‘ನಾವೇ ಏಕೆ ಕಷ್ಟಪಡಬೇಕು’ ಎಂದಿರಬೇಕು. ಕಡಿಮೆ ಬಳಸುವವರ ಚೀಟಿಯಲ್ಲಿ ಒಂದು ನಗುಮುಖದ ಚಿತ್ರ ಬರೆದಾಗ ಆ ಏರಿಕೆ ಬಹುಮಟ್ಟಿಗೆ ನಿಂತಿತು.

ಒಂದೇ ಮಾತು

ನಗುಮುಖಕ್ಕೆ ಕರಗುವ ಜನ ಸಂಪೂರ್ಣವಾಗಿ ಒಪ್ಪುವವರೇ ಇರಬೇಕು.

ದಂಡಪಾಣಿ

ಇಷ್ಟೆಲ್ಲ ನಯನಾಜೂಕು ಏಕೆ? ದಂಡ ಹಾಕಿ. ಬೆರೆಸಿದ ಕಸ ಸಿಕ್ಕರೆ ದುಡ್ಡು ಕಟ್ಟಲಿ. ಮಾರನೆಯ ದಿನವೇ ಎಲ್ಲ ಸರಿಹೋಗುತ್ತದೆ.

ನಿವೃತ್ತ ಮೇಷ್ಟರು

ಇಸ್ರೇಲಿನ ಹೈಫಾದಲ್ಲಿ ನಡೆದದ್ದು ಕೇಳಿ. ಮಕ್ಕಳನ್ನು ನೋಡಿಕೊಳ್ಳುವ 10 ಶಿಶುವಿಹಾರಗಳು. ಸಂಜೆ ಪೋಷಕರು ತಡವಾಗಿ ಬರುತ್ತಿದ್ದರು. ಗ್ನೀಜಿ ಮತ್ತು ರುಸ್ಟಿಕೀನಿ ಆರು ಕಡೆ ಸಣ್ಣ ದಂಡ ಹಾಕಿಸಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ಮೊದಲು ಶಿಕ್ಷಕಿಯನ್ನು ಕಾಯಿಸಿದೆವಲ್ಲ ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ಸೇವೆಯ ಬೆಲೆಯಾಯಿತು. ದಂಡ ತೆಗೆದ ಮೇಲೂ ಸಂಕೋಚ ಮರಳಿ ಬರಲಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನ.

ದಂಡಪಾಣಿ

ಹಾಗಾದರೆ ಐರ್ಲೆಂಡ್? 2002ರಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದರು, ಬಳಕೆ ಶೇ. 90ಕ್ಕೂ ಹೆಚ್ಚು ಬಿದ್ದುಹೋಯಿತು. ಅಲ್ಲಿ ಸಂಕೋಚ, ಸೇವೆ ಎಂದು ಯಾರೂ ಕಥೆ ಹೇಳಲಿಲ್ಲ.

ನಿವೃತ್ತ ಮೇಷ್ಟರು

ಒಳ್ಳೆಯ ಪೆಟ್ಟು. ಆದರೆ ವ್ಯತ್ಯಾಸ ನೋಡಿ. ಶಿಶುವಿಹಾರದಲ್ಲಿ ಮೊದಲೇ ಒಂದು ಸಂಬಂಧವಿತ್ತು, ಮುಖ ನೋಡುವ ಭಯವಿತ್ತು. ದುಡ್ಡು ಬಂದು ಅದನ್ನು ಓಡಿಸಿತು. ಅಂಗಡಿಯಲ್ಲಿ ಚೀಲ ತೆಗೆದುಕೊಳ್ಳುವುದರಲ್ಲಿ ಅಂಥ ಸಂಕೋಚ ಮೊದಲು ಇರಲೇ ಇಲ್ಲ. ತೆರಿಗೆ ಬಂದು, ಯಾಂತ್ರಿಕವಾಗಿ ಕೈಚಾಚುವ ಅಭ್ಯಾಸದ ನಡುವೆ ‘ಚೀಲ ಬೇಕೇ’ ಎಂಬ ಪ್ರಶ್ನೆಯನ್ನು ತಂದಿತು. ಹಣ ಪರಿಸರ ನಿಧಿಗೆ ಹೋಗುತ್ತದೆ ಎಂದು ಮೊದಲೇ ಪ್ರಚಾರವೂ ನಡೆದಿತ್ತು.

ನಿಮ್ಮ ಕಟ್ಟಡದಲ್ಲಿ ಬೆರೆಸಿದ ಕಸವನ್ನು ಕೈಯಿಂದ ಬಿಡಿಸುವವರು ಯಾರು? ಅವರ ಮುಖ ನಿವಾಸಿಗಳಿಗೆ ಗೊತ್ತಿದ್ದರೆ ದಂಡ ಹಾಕುವ ಮೊದಲು ಎರಡು ಸಲ ಯೋಚಿಸಿ.

ದಂಡಪಾಣಿ

ಮೇಷ್ಟರು ಎರಡೂ ಕಡೆಗೆ ಉತ್ತರ ಇಟ್ಟುಕೊಂಡಿರುತ್ತಾರೆ. ದಂಡ ಗೆದ್ದರೂ ಅವರ ಸಿದ್ಧಾಂತ, ಸೋತರೂ ಅವರ ಸಿದ್ಧಾಂತ.

ಸಂಶಯಾತ್ಮ

ಈ ದೂರಿಗೆ ನನ್ನ ಸಹಿಯೂ ಇದೆ. ಫಲಿತಾಂಶ ಬಂದ ಮೇಲೆ ಕಾರಣ ಹೊಸೆಯುವುದು ಈ ಶಾಸ್ತ್ರದ ಹಳೆಯ ಚಟ.

ಕೆಂಪು ಪೆನ್ನು

ನನಗೆ ಈ ಇಡೀ ದಿಕ್ಕಿನ ಬಗ್ಗೆಯೇ ತಕರಾರಿದೆ. ಟವೆಲು, ಚೀಟಿ, ನಗುಮುಖ. ಪ್ಯಾಕೇಜಿಂಗ್ ಮಾಡುವವರು ಬೇರ್ಪಡಿಸಲಾಗದ ಪದರಗಳನ್ನು ಅಂಟಿಸಿ ಮಾರುತ್ತಾರೆ, ಅದನ್ನು ಯಾವ ಡಬ್ಬಿಗೆ ಹಾಕಬೇಕೆಂದು ನಿವಾಸಿಗಳ ಸಂಘ ತಲೆ ಕೆಡಿಸಿಕೊಳ್ಳುತ್ತದೆ. ಇದು ನನ್ನೊಬ್ಬಳ ಕೋಪವಲ್ಲ. ನಡ್ಜ್ ಪರವಾಗಿಯೇ ಕೆಲಸ ಮಾಡಿದ್ದ ನಿಕ್ ಚೇಟರ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ 2022ರಲ್ಲಿ ಬರೆದರು: ವರ್ತನಾ ವಿಜ್ಞಾನ ವ್ಯಕ್ತಿಯನ್ನು ತಿದ್ದುವುದರಲ್ಲೇ ಮುಳುಗಿ, ವ್ಯವಸ್ಥೆಯನ್ನು ಬದಲಿಸುವ ಒತ್ತಡವನ್ನು ಸಡಿಲಗೊಳಿಸಿತು, ಇದು ಉದ್ಯಮಗಳಿಗೆ ಅನುಕೂಲವಾಯಿತು ಎಂದು.

ಕಡತದ ಗುಮಾಸ್ತೆ

ವ್ಯವಸ್ಥೆ ಬದಲಾಗುವವರೆಗೆ ಒಂಟಿ ಚಪ್ಪಲಿ ಹಸಿ ಕಸದಲ್ಲೇ ಇರಲಿ ಎನ್ನುತ್ತೀರಾ?

ಕೆಂಪು ಪೆನ್ನು

ಚಪ್ಪಲಿ ತೆಗೆಯಿರಿ. ಆದರೆ ಚಪ್ಪಲಿ ತೆಗೆದ ಮೇಲೆ ಭೂಮಿ ಉಳಿಸಿದೆವೆಂದು ಸಭೆ ಕರೆಯಬೇಡಿ.

ಗಣಿತಜ್ವರ

ಆ ಸಭೆಗೂ ಅಧ್ಯಯನವಿದೆ. ಟೀಫೆನ್‌ಬೆಕ್ ಮತ್ತು ಇತರರು 2013ರಲ್ಲಿ ವರದಿ ಮಾಡಿದ್ದು: 154 ಮನೆಗಳ ಒಂದು ಸಮುಚ್ಚಯದಲ್ಲಿ ನೀರಿನ ಬಳಕೆಯ ಮಾಹಿತಿಯನ್ನು ವಾರವಾರ ಕೊಟ್ಟಾಗ ನೀರು ಶೇ. 6 ಇಳಿಯಿತು, ಅದೇ ಮನೆಗಳ ವಿದ್ಯುತ್ ಬಳಕೆ ಶೇ. 5.6 ಏರಿತು. ಒಂದು ಕಡೆ ಪುಣ್ಯ ಕಟ್ಟಿಕೊಂಡವರು ಇನ್ನೊಂದು ಕಡೆ ಸಡಿಲ ಬಿಟ್ಟರು.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ಚರ್ಚೆಯಲ್ಲಿ ಒಂದು ವಿಷಯ ಬಂದೇ ಇಲ್ಲ: ದಣಿವು. ಹನ್ನೆರಡು ಗಂಟೆ ನಿಂತು ಮನೆಗೆ ಬಂದವಳಿಗೆ ಹಸಿರು ಡಬ್ಬಿ, ನೀಲಿ ಡಬ್ಬಿ ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ. ನನಗೆ ಪರಿಸರದ ಬಗ್ಗೆ ಕಾಳಜಿ ಇಲ್ಲವೆಂದಲ್ಲ. ತಲೆಯಲ್ಲಿ ಜಾಗವಿರುವುದಿಲ್ಲ.

ವಿಷಯಾಂತರವಾದರೂ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಒಂದು ಸಾಲಿನ ಹಾಸಿಗೆಗಳಿಗೆ ಮರ ಕಾಣುತ್ತದೆ, ಇನ್ನೊಂದಕ್ಕೆ ಜನರೇಟರ್ ಕೋಣೆಯ ಗೋಡೆ. ಮರದ ಕಡೆ ಹಾಸಿಗೆ ಖಾಲಿಯಾದರೆ ಅಲ್ಲಿಗೆ ಹೋಗುತ್ತೇನೆ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಇದು ಬರಿಯ ಇಷ್ಟವೋ, ನಿಜವಾಗಿ ಚೇತರಿಕೆಗೆ ಸಹಾಯವಾಗುತ್ತದೆಯೋ?

ನಿವೃತ್ತ ಮೇಷ್ಟರು

ವಿಷಯಾಂತರವೇ ಅಲ್ಲ, ಪರಿಸರ ಮನಶ್ಶಾಸ್ತ್ರದ ಅರ್ಧ ಭಾಗ ಇದೇ. ರೋಜರ್ ಉಲ್ರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚುಕಡಿಮೆ ನಿಮ್ಮ ವಾರ್ಡಿನ ಕಥೆಯೇ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ಕಡತ ತೆಗೆದು, ವಯಸ್ಸು ಮುಂತಾದವು ಹೊಂದುವಂತೆ 23 ಜೋಡಿ ಮಾಡಿದ. ಒಬ್ಬರ ಕಿಟಕಿಗೆ ಮರಗಳು, ಇನ್ನೊಬ್ಬರ ಕಿಟಕಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಬಲವಾದ ನೋವುನಿವಾರಕವೂ ಮರದ ಕಡೆ ಕಡಿಮೆ ಬೇಕಾಯಿತು. ಮತ್ತೆ, ನಿಮಗೆ ಇಷ್ಟವಾಗುವ ವಿವರ: ‘ರೋಗಿ ಅಳುತ್ತಿದ್ದಾರೆ, ಧೈರ್ಯ ಹೇಳಬೇಕು’ ಎಂಬ ಬಗೆಯ ನರ್ಸುಗಳ ಟಿಪ್ಪಣಿಗಳು ಗೋಡೆಯ ಕಡೆಯವರ ಕಡತದಲ್ಲೇ ಹೆಚ್ಚು.

ನಿಮ್ಮ ದಣಿವಿನ ಮಾತಿಗೂ ಸಿದ್ಧಾಂತವಿದೆ. ಗಮನವಿಟ್ಟು ಮಾಡುವ ಕೆಲಸ ಒಂದು ಬಗೆಯ ಶಕ್ತಿಯನ್ನು ಸವೆಸುತ್ತದೆ, ಎಲೆ, ಮೋಡ, ನೀರು ಇಂಥವು ನಮ್ಮಿಂದ ಏನನ್ನೂ ಬೇಡದೆ ಗಮನ ಹಿಡಿಯುವುದರಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ ಎಂದು ರೇಚಲ್ ಮತ್ತು ಸ್ಟೀಫನ್ ಕಾಪ್ಲಾನ್ ಹೇಳಿದರು.

ಸಂಶಯಾತ್ಮ

46 ಜನ. ಒಂದೇ ಆಸ್ಪತ್ರೆ. ಈ ಅಧ್ಯಯನದ ಮೇಲೆ ಎಷ್ಟು ಕಟ್ಟಡಗಳ ನಕ್ಷೆ ನಿಂತಿದೆಯೋ!

ರಾತ್ರಿಪಾಳಿ

46 ಕಡಿಮೆ, ಸರಿ. ಆದರೆ ಟಿಪ್ಪಣಿ ಬರೆಯುವ ನರ್ಸಿಗೆ ಅದನ್ನು ಯಾರೋ ಮುಂದೆ ಎಣಿಸುತ್ತಾರೆ ಎಂದು ಗೊತ್ತಿರಲಿಲ್ಲ. ನಿಮ್ಮ ಪ್ರಶ್ನಾವಳಿಗಳಿಗಿಂತ ಆ ಟಿಪ್ಪಣಿಗಳನ್ನು ನಾನು ಹೆಚ್ಚು ನಂಬುತ್ತೇನೆ.

ಸಂಶಯಾತ್ಮ

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಹೊಂಗೆಯ ನೆರಳು

ವಾರಕ್ಕೆ 120 ನಿಮಿಷ ಮರಗಿಡಗಳ ನಡುವೆ ಕಳೆದರೆ ಆರೋಗ್ಯ ಎಂದು ಎಲ್ಲೆಲ್ಲೂ ಓದುತ್ತೇನೆ. ಅದು ನಿಜವೇ?

ಗಣಿತಜ್ವರ

2019ರಲ್ಲಿ ಮ್ಯಾಥ್ಯೂ ವೈಟ್ ಮತ್ತು ಸಂಗಡಿಗರು ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಿಂದ ತೆಗೆದದ್ದು ಅದು. 120 ನಿಮಿಷಕ್ಕಿಂತ ಹೆಚ್ಚು ಕಳೆದವರು ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಎನ್ನುವ ಸಾಧ್ಯತೆ ಹೆಚ್ಚು. ಆದರೆ ಆರೋಗ್ಯವಂತರೇ ಹೆಚ್ಚು ಹೊರಗೆ ಓಡಾಡುತ್ತಾರೆ ಎಂಬ ತಿರುವು ದಾರಿಯನ್ನು ಇಂಥ ಸಮೀಕ್ಷೆ ಪೂರ್ತಿ ಮುಚ್ಚಲಾರದು. 119ಕ್ಕೆ ಏನೂ ಇಲ್ಲ, 120ಕ್ಕೆ ಗಂಟೆ ಬಾರಿಸುತ್ತದೆ ಎಂದು ತಿಳಿಯಬೇಡಿ. ಒಟ್ಟಿಗೆ ಹೋದರೂ ಸರಿ, ಚೂರುಚೂರಾಗಿ ಹೋದರೂ ಸರಿ ಎಂದೂ ಅದರಲ್ಲಿದೆ.

ನೀಲಿ ಕೊಡೆ

ಮೂಲ ಪ್ರಶ್ನೆಗೆ ಬರೋಣ. ನನಗೆ ಅತ್ಯಂತ ಉಪಯುಕ್ತ ಎನಿಸಿದ ಸಂಶೋಧನೆ ಇತ್ತೀಚಿನದು. 2024ರಲ್ಲಿ ಆಂದ್ರೆ ಮತ್ತು ಇತರರು 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದರು: ಹವಾಮಾನ ಬದಲಾವಣೆ ತಡೆಯಲು ತಿಂಗಳ ಆದಾಯದ ಶೇ. 1 ಕೊಡುತ್ತೀರಾ? ಶೇ. 69 ಜನ ಹೌದು ಎಂದರು. ನಿಮ್ಮ ದೇಶದಲ್ಲಿ ಎಷ್ಟು ಜನ ಹೌದು ಎನ್ನಬಹುದು ಎಂದು ಕೇಳಿದಾಗ ಸರಾಸರಿ ಊಹೆ ಶೇ. 43. ಪ್ರತಿಯೊಬ್ಬರೂ ತಾವು ಅಲ್ಪಸಂಖ್ಯಾತರೆಂದು ತಿಳಿದಿದ್ದಾರೆ.

ಸಂಶಯಾತ್ಮ

‘ಕೊಡುತ್ತೀರಾ’ ಎಂದು ಕೇಳಿದ್ದು. ಕೊಟ್ಟಿದ್ದಲ್ಲ. ಇಡೀ ಚರ್ಚೆ ಶುರುವಾದದ್ದೇ ಈ ತಕರಾರಿನಿಂದ!

ನೀಲಿ ಕೊಡೆ

ಶೇ. 69ನ್ನು ನೀವು ಎಷ್ಟು ಬೇಕಾದರೂ ಕಡಿಯಿರಿ. ಬೇರೆಯವರ ಬಗ್ಗೆ ಊಹೆ ತಪ್ಪಾಗಿದೆ ಎಂಬುದು ಉಳಿಯುತ್ತದೆ, ಏಕೆಂದರೆ ಊಹಿಸಬೇಕಿದ್ದದ್ದೂ ಬೇರೆಯವರ ಉತ್ತರವನ್ನೇ. ಆ ಎರಡು ಗೆರೆ ಎಳೆದವರೂ ಡಬ್ಬಿಯ ಮುಂದೆ ನಿಂತಾಗ ‘ಉಳಿದವರು ಯಾರೂ ಮಾಡುವುದಿಲ್ಲ’ ಎಂದುಕೊಂಡಿರಬಹುದು. ನೀವು ಎಣಿಸಿದ ಹಾಳೆಗಳ ಒಟ್ಟು ಸಂಖ್ಯೆಯನ್ನು ಅವರಿಗೆ ತೋರಿಸಿದ್ದೀರಾ?

ಮೂರನೆಯ ಮಹಡಿ

ಇಲ್ಲ. ಅದು ಕಾರ್ಯದರ್ಶಿಯವರ ಕಪಾಟಿನಲ್ಲಿದೆ.

ಈ ಮಧ್ಯೆ ಒಂದು ಕೆಲಸ ಮಾಡಿದೆ. ಪ್ರಶ್ನೆ ಕೇಳದೆ, ಬೆಳಿಗ್ಗೆ ಡಬ್ಬಿಗಳ ಹತ್ತಿರ ಪತ್ರಿಕೆ ಓದುವ ನೆಪದಲ್ಲಿ ಕುಳಿತೆ. ಎರಡು ವಿಷಯ ಕಂಡವು.

ಒಣ ಕಸದ ಡಬ್ಬಿಗೆ ಭಾರವಾದ ಮುಚ್ಚಳ, ಕಾಲಿನಿಂದ ಒತ್ತುವ ಪೆಡಲ್ ಮುರಿದಿದೆ. ತೆರೆಯಬೇಕಾದರೆ ಜಿಗುಟು ಮುಚ್ಚಳವನ್ನು ಕೈಯಿಂದ ಹಿಡಿದೆತ್ತಬೇಕು. ಹಸಿ ಕಸದ ಡಬ್ಬಿಗೆ ಮುಚ್ಚಳವೇ ಇಲ್ಲ. ಬಂದವರೆಲ್ಲ ತೆರೆದ ಬಾಯಿಗೆ ಎಸೆದು ಹೋಗುತ್ತಾರೆ.

ಎರಡನೆಯದು ಇನ್ನೂ ಸ್ವಾರಸ್ಯ. ಕಸ ತಂದವರಲ್ಲಿ ಹೆಚ್ಚಿನವರು ಪ್ರಶ್ನಾವಳಿ ತುಂಬಿದವರೇ ಅಲ್ಲ. ಶಾಲೆಯ ಬಸ್ಸಿಗೆ ಓಡುವ ಹುಡುಗರು, ಮನೆಗೆಲಸಕ್ಕೆ ಬರುವವರು, ಒಂದಿಬ್ಬರು ವಯಸ್ಸಾದವರು. ಹಾಳೆಗೆ ಸಹಿ ಮಾಡಿದ್ದು ಮನೆಯ ಯಜಮಾನರು. ಆ ದಿನ ಅವರಲ್ಲಿ ಒಬ್ಬರೂ ಚೀಲ ಹಿಡಿದು ಕೆಳಗಿಳಿಯಲಿಲ್ಲ.

ಸಂಶಯಾತ್ಮ

ಪತ್ರಕ್ಕೆ ಉತ್ತರಿಸಿದ ಮಾಲೀಕ, ಕೌಂಟರಿನ ಗುಮಾಸ್ತ! ನಿಮ್ಮ ಕಟ್ಟಡದಲ್ಲಿ ಮಾತಿಗೂ ನಡತೆಗೂ ಅಂತರವಿದೆಯೋ ಇಲ್ಲವೋ ನಿಮಗೆ ಇನ್ನೂ ಗೊತ್ತೇ ಇಲ್ಲ. ಅಳೆದದ್ದು ಇಬ್ಬರನ್ನು.

ಒಂದೇ ಮಾತು

ಹಾಗಾದರೆ ಯಜಮಾನರು ಸುಳ್ಳು ಹೇಳಲಿಲ್ಲ. ಕೆಲಸ ಮಾತ್ರ ಮಾಡಲಿಲ್ಲ.

ಕಡತದ ಗುಮಾಸ್ತೆ

ಪೆಡಲ್ ರಿಪೇರಿ ಮಾಡಿಸಿ. ಉಪನ್ಯಾಸಕ್ಕೆ ಇಟ್ಟ ದುಡ್ಡಿನಲ್ಲಿ ಡಬ್ಬಿಗಳೇ ಹೊಸದು ಬರಬಹುದು.

ನಿವೃತ್ತ ಮೇಷ್ಟರು

ಹೊಸದಾಗಿ ಬಾಡಿಗೆಗೆ ಬರುವವರಿದ್ದರೆ ಅವರಿಗೆ ಮೊದಲ ವಾರವೇ ಹೇಳಿ. ವರ್ಪ್ಲಾಂಕೆನ್ ಮತ್ತು ರಾಯ್ 800 ಮನೆಗಳಲ್ಲಿ ನೋಡಿದ ಪ್ರಕಾರ, ಮನೆ ಬದಲಿಸಿದ ಮೊದಲ ಮೂರು ತಿಂಗಳಲ್ಲಿ ಜನ ಹೊಸ ಅಭ್ಯಾಸಕ್ಕೆ ಹೆಚ್ಚು ಒಗ್ಗುತ್ತಾರೆ. ಆಮೇಲೆ ಕೈಕಾಲು ತಮ್ಮದೇ ದಾರಿ ಹಿಡಿಯುತ್ತವೆ.

ಮೂರನೆಯ ಮಹಡಿ

ಕಾರ್ಯದರ್ಶಿಯವರು ಪೆಡಲ್ ರಿಪೇರಿಗೆ ಒಪ್ಪಿದರು. ಕೆಂಪು ಶಾಯಿಯ ಸೂಚನೆ ತೆಗೆದು, ಇಷ್ಟು ಮನೆಯವರು ಬೇರ್ಪಡಿಸಲು ಒಪ್ಪಿದ್ದಾರೆ ಎಂಬ ಸಂಖ್ಯೆ ಹಾಕಲೂ ಒಪ್ಪಿದರು. ಎರಡನ್ನೂ ಬರುವ ಸೋಮವಾರ ಮಾಡುತ್ತೇವೆ.

ಸಂಶಯಾತ್ಮ

ಎರಡನ್ನೂ ಒಂದೇ ದಿನ ಮಾಡಬೇಡಿ! ಯಾವುದು ಕೆಲಸ ಮಾಡಿತೆಂದು ಹೇಗೆ ತಿಳಿಯುತ್ತದೆ? ಎರಡು ಬ್ಲಾಕ್ ಇದ್ದರೆ ಒಂದರಲ್ಲಿ ಪೆಡಲ್, ಇನ್ನೊಂದರಲ್ಲಿ ಸೂಚನೆ. ಅದಕ್ಕೂ ಮೊದಲು ಕೆಲವು ವಾರ ಏನೂ ಮಾಡದೆ ಕಸ ತೂಗಿ.

ರಾತ್ರಿಪಾಳಿ

ಏನೂ ಮಾಡದೆ ಕಸ ತೂಗುವವರು ಯಾರು? ನೀವು ಬರುತ್ತೀರಾ?

ಸಂಶಯಾತ್ಮ

ಸಂಪೂರ್ಣವಾಗಿ ಒಪ್ಪುತ್ತೇನೆ. ವಿಳಾಸ ಮಾತ್ರ ಕೇಳಬೇಡಿ.